ಯಶೋಧಾಳ ಮೂಲಂಗಿ ಚೀಲ

ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಬೀದಿಗೆ ಯಶೋಧಾಳ ಪರಿಚಯವಾದದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ಆಕೆ ಮನೆಯ ಮುಂದಿನ ನೀಲಿ ಡ್ರಮ್ಮಿನೊಳಗೆ ಮೊಣಕೈ ಮುಳುಗುವಷ್ಟು ಕೈ ಇಳಿಸಿ, ಹಳದಿ ಬಣ್ಣದ ಏನನ್ನೋ ನೀರಿನಡಿಗೆ ಅದುಮಿ ಹಿಡಿದು ನಿಂತಿದ್ದಳು. ಆ ಸಂಸಾರ ಬಾಡಿಗೆಗೆ ಬಂದು ಇನ್ನೂ ಎರಡು ವಾರ ತುಂಬಿರಲಿಲ್ಲ. ಹಾಲು ತರಲು ಹೊರಟವರು ನಿಂತರು. ಹೂವಿನವಳು ಬುಟ್ಟಿ ಇಳಿಸಿದಳು. ಬೆಕ್ಕಿನ ಮರಿಯೋ ನಾಯಿಮರಿಯೋ ಎಂಬ ಗುಮಾನಿ ಒಬ್ಬರ ಕಣ್ಣಿನಿಂದ ಇನ್ನೊಬ್ಬರ ಕಣ್ಣಿಗೆ ದಾಟತೊಡಗಿತು. ಮೆಟ್ಟಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದ ಆಕೆಯ ಅತ್ತೆ ತಿಮ್ಮಮ್ಮನವರಿಗೆ ಅದು ಥಟ್ಟನೆ ಅರ್ಥವಾಯಿತು.

“ಜೀವ ಇರೋದೇನೂ ಅಲ್ಲ ಕಣ್ರಪ್ಪ, ಬ್ಯಾಗು. ನೀರು ಒಳಕ್ಕೆ ಹೋಗಬಾರ್ದು ಅಂತ ನೀರಿಗೇ ಅದುಮ್ತಾವ್ಳೆ. ನಮ್ಮನೇಲಿ ಎಲ್ಲಾ ಇಂಗೇಯ.”

ಯಶೋಧಾಳಿಗೆ ಈ ಮಾತು ಕೇಳಿಸಲಿಲ್ಲ. ಆಕೆಯ ಕಣ್ಣು ನೀರಿನ ಮೇಲೇ ನೆಟ್ಟಿತ್ತು. ಬಹಳ ಹೊತ್ತಿನ ಮೇಲೆ ತಲೆ ಎತ್ತಿದಾಗ, ಪರೀಕ್ಷೆಯ ಫಲಿತಾಂಶದ ಹಲಗೆಯಲ್ಲಿ ತನ್ನ ಹೆಸರನ್ನು ಕಂಡ ಹುಡುಗಿಯ ಮುಖವಾಗಿತ್ತು ಅದು.

“ಒಂದು ಗುಳ್ಳೇನೂ ಬರ್ಲಿಲ್ಲ ಅತ್ತೆ.”

ಗುಳ್ಳೆ ಬರಲಿಲ್ಲವೆಂದು ಇಷ್ಟು ಹಿಗ್ಗುವ ಹೆಂಗಸನ್ನು ಬೀದಿ ಅದುವರೆಗೆ ಕಂಡಿರಲಿಲ್ಲ. ಆ ಹಿಗ್ಗಿಗೆ ಕಾರಣವಿತ್ತು. ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಕೂಟರಿನ ಟ್ಯೂಬುಗಳಿಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡುವುದು ಯಶೋಧಾಳ ಕೆಲಸ. ಗುಳ್ಳೆ ಬಿಟ್ಟ ಟ್ಯೂಬನ್ನು ಪಕ್ಕಕ್ಕೆ ಎಸೆಯಬೇಕು, ಬಿಡದ ಟ್ಯೂಬನ್ನು ಹಿಂದಿನ ಮೇಜಿಗೆ ತಳ್ಳಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದ ಕೈಗೆ, ಗಾಳಿಯನ್ನು ಬಿಗಿಯಾಗಿ ಹಿಡಿದದ್ದು ಒಳ್ಳೆಯದು, ಬಿಟ್ಟದ್ದು ಕೆಟ್ಟದ್ದು ಎಂಬ ಒಂದೇ ಧರ್ಮ ಗೊತ್ತು.

ಊರಿನ ಇನ್ನೊಂದು ತುದಿಯಲ್ಲಿ ಮನೆಯಿದ್ದಾಗ ಪಾಳಿಯ ಹೊತ್ತಿನ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಹಾಗಾಗಿ ಆಕೆ ಸೈಕಲ್ ತುಳಿದೇ ಕೆಲಸಕ್ಕೆ ಬರುತ್ತಿದ್ದಳು. ಒಂದು ದಿನ ನಸುಕಿನಲ್ಲಿ ರಿಂಗ್ ರಸ್ತೆಯ ಮೇಲೆ, ಹ್ಯಾಂಡಲ್ಲಿಗೆ ಊಟದ ಡಬ್ಬಿ ತೂಗುಹಾಕಿಕೊಂಡು ಹೋಗುತ್ತಿದ್ದ ಈಕೆಯನ್ನು ಹಿಂದೆ ಹಾಕಲು ದುಬಾರಿ ಸೈಕಲ್ಲಿನ ಮೇಲಿದ್ದ ಒಬ್ಬಳು ಹೆಣಗಾಡಿದಳು. ಆಕೆ ಅಕ್ಷತಾ. ಹಲ್ಲಿನ ವೈದ್ಯೆ, ಭಾನುವಾರಗಳಂದು ಸೈಕಲ್ ಸವಾರರ ಒಂದು ಗುಂಪನ್ನು ನಡೆಸುವವಳು. ಸಿಗ್ನಲ್ಲಿನಲ್ಲಿ ಮಾತಾಯಿತು, ಮಾತು ಸ್ನೇಹವಾಯಿತು. ಚಳಿಗಾಲ ಬರುವಷ್ಟರಲ್ಲಿ ಯಶೋಧಾ ಆ ಗುಂಪಿನವಳಾಗಿದ್ದಳು. ತನ್ನ ಎತ್ತರಕ್ಕೆ ಹೊಂದುವ, ಸಣ್ಣ ಅಳತೆಯ, ಗೇರು ಇರುವ ಹಳೆಯ ಸೈಕಲ್ಲೊಂದನ್ನೂ ಕೊಂಡಿದ್ದಳು.

ಆ ಗುಂಪು ಆಷಾಢದ ಮಳೆಯಲ್ಲಿ ಮಡಿಕೇರಿ ಮಾರ್ಗವಾಗಿ ಮಂಗಳೂರಿನ ಕಡಲಿಗೆ ಹೋಗುವುದೆಂದು ನಿಶ್ಚಯಿಸಿತು. ನಿಯಮ ಒಂದೇ: ಹಿಂದೆ ಜೀಪು ಬರುವುದಿಲ್ಲ, ಅವರವರ ಗಂಟು ಅವರವರ ಸೈಕಲ್ಲಿನ ಮೇಲೆ.

ಯಶೋಧಾಳಿಗೆ ಆಗ ನಲವತ್ತು ದಾಟಿತ್ತು. ಸಮುದ್ರವನ್ನು ಆಕೆ ನೋಡಿದ್ದು ಒಮ್ಮೆ ಮಾತ್ರ. ಮದುವೆಯಾದ ಹೊಸತರಲ್ಲಿ ನೆಂಟರೊಂದಿಗೆ ಪ್ರವಾಸದ ಬಸ್ಸಿನಲ್ಲಿ ಹೋಗಿದ್ದಾಗ, ಎಲ್ಲರೂ ಅಲೆಗೆ ಇಳಿದರೆ ಈಕೆ ದಡದಲ್ಲಿ ಕುಳಿತು ಅವರ ಚಪ್ಪಲಿ, ಬಟ್ಟೆ, ಬುತ್ತಿಯ ಡಬ್ಬಿಗಳನ್ನು ಕಾಯ್ದಿದ್ದಳು. ಎದ್ದು ಹೋಗಿ ಕಾಲು ನೆನೆಸಿಕೊಳ್ಳುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆದಿತ್ತು. ಈ ಸಲ ತನ್ನ ಕಾಲಿನ ಬಲದಿಂದಲೇ ಹೋಗಬೇಕು, ತನ್ನ ಗಂಟನ್ನು ತಾನೇ ಹೊತ್ತು ಆ ನೀರಿನ ಮುಂದೆ ನಿಲ್ಲಬೇಕು. ಈ ಆಸೆ ಹುಟ್ಟಿದ ದಿನದಿಂದ ಆಕೆಗೆ ನಿದ್ದೆಯಲ್ಲೂ ಪೆಡಲು ತಿರುಗುತ್ತಿತ್ತು. ಕಾರ್ಖಾನೆಯಲ್ಲಿ ಕಾಡಿ ಬೇಡಿ ರಜೆಯನ್ನೂ ಮಂಜೂರು ಮಾಡಿಸಿಕೊಂಡಿದ್ದಳು. ಆದರೆ ಅದಕ್ಕೆ ಮೊದಲು ಪೂರ್ತಿ ಹೊರೆ ಹೊತ್ತು ಹುಣಸೂರಿಗೆ ಹೋಗಿ ಬರಬೇಕು. ಹೊರೆ ಅಲುಗಬಾರದು, ಒಳಗಿನ ಬಟ್ಟೆ ನೆನೆಯಬಾರದು. ಅದರಲ್ಲಿ ಗೆದ್ದವರು ಮಾತ್ರ ಕಡಲಿಗೆ ಎಂದು ಅಕ್ಷತಾ ಸಾರಿದ್ದಳು.

ಯಶೋಧಾಳ ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ, ಕೂರಿಸಲು ಚೌಕಟ್ಟಿನಲ್ಲಿ ತೂತುಗಳೂ ಇರಲಿಲ್ಲ. ಉಳಿದ ಜಾಗವೆಂದರೆ ಸೀಟಿನ ಹಿಂಭಾಗ. ಸೀಟಿನ ಅಡಿಯ ಕಂಬಿಗಳಿಗೂ ಅದರ ಪೈಪಿಗೂ ಬಿಗಿದು, ಬಾಲದ ಹಾಗೆ ಹಿಂದಕ್ಕೆ ಚಾಚುವಂತೆ ಕಟ್ಟುವ ಚೀಲಗಳು ಈಗ ಬಂದಿವೆ. ಸವಾರರು ಅದನ್ನು ಸೀಟ್ ಪ್ಯಾಕ್ ಎನ್ನುತ್ತಾರೆ.

ಆಕೆಯ ಗಂಡ ಅಶೋಕ ಲಷ್ಕರ್ ಮೊಹಲ್ಲಾದ ಒಂದು ಅಂಗಡಿಯಲ್ಲಿ ಆಟೋರಿಕ್ಷಾಗಳಿಗೆ ಟಾಪು ಹೊಲಿಯುವವನು. ಮನೆಯಲ್ಲಿ ತಾನಿರುವಾಗ ಹೆಂಡತಿ ಚೀಲಕ್ಕಾಗಿ ಅಂಗಡಿ ಅಲೆಯುವುದೇ ಎಂದು, ಟಾಪಿನ ಕಪ್ಪು ರೆಕ್ಸಿನ್ನಿನಲ್ಲಿ ಎರಡೆರಡು ಸುತ್ತು ಹೊಲಿಗೆ ಹಾಕಿ ಒಂದು ಚೀಲ ಮಾಡಿ ತಂದ. ನೋಡಲು ಗಟ್ಟಿಮುಟ್ಟಾಗಿತ್ತು. ಯಶೋಧಾ ಅದನ್ನು ಹಳೆಯ ಮನೆಯ ತೊಟ್ಟಿಯಲ್ಲಿ ಮುಳುಗಿಸಿದಳು. ಹೊಲಿಗೆಯ ಉದ್ದಕ್ಕೂ, ಸೂಜಿ ಚುಚ್ಚಿದಲ್ಲೆಲ್ಲ, ಮಣಿಸರದ ಹಾಗೆ ಗುಳ್ಳೆ ಎದ್ದವು.

“ಇದೇ ರೆಕ್ಸಿನ್ ಕಣೇ, ಮೈಸೂರಿನ ಮಳೇಲೆಲ್ಲ ಪ್ಯಾಸೆಂಜರ್ ತಲೆ ಕಾಯೋದು,” ಎಂದ ಅಶೋಕ.

“ಆಟೋಗೆ ಮಳೆ ಮೇಲಿಂದ ಬೀಳ್ತದೆ ರೀ. ಇದಕ್ಕೆ ಚಕ್ರದ ನೀರು ಕೆಳಗಿಂದ ಹೊಡೀತದೆ.”

ಅಶೋಕ ಚೀಲವನ್ನು ಒರೆಸಿ ಗೋಡೆಯ ಮೊಳೆಗೆ ನೇತುಹಾಕಿದ. ಆ ದಿನ ಅವನು ಎರಡನೆಯ ಮುದ್ದೆ ಹಾಕಿಸಿಕೊಳ್ಳಲಿಲ್ಲವೆಂಬುದನ್ನು ತಿಮ್ಮಮ್ಮ ಗಮನಿಸಿದರು. ಮನೆ ಬದಲಾಯಿಸಿದಾಗ ಅವನು ಆ ಚೀಲವನ್ನು ತಂದು ಹೊಸ ಮನೆಯಲ್ಲೂ ಒಂದು ಮೊಳೆಗೆ ಹಾಕಿದ.

ಯಶೋಧಾ ದಿಲೀಪನ ಸೈಕಲ್ ಅಂಗಡಿಗೆ ಹೋದಳು. ದಿಲೀಪ ಗಲ್ಲಾದ ಮೇಲೆ ನೀರು ಒಳಗಿಳಿಯದ ಮೂರು ಡ್ರೈ ಬ್ಯಾಗುಗಳನ್ನು ಹರಡಿದ. ಮೂರೂ ಮೂಲಂಗಿಯ ಆಕಾರ: ಒಂದು ತುದಿ ಸಪೂರ, ಇನ್ನೊಂದು ತುದಿ ದಪ್ಪ. ಸಪೂರವಾದ ಕಡೆ ಸೀಟಿನ ಅಡಿಗೆ ಹೋಗುತ್ತದೆ, ದಪ್ಪನೆಯ ಬಾಯಿ ಹಿಂದಕ್ಕೆ ಬರುತ್ತದೆ. ಬಾಯಿಯನ್ನು ಚಾಪೆಯಂತೆ ಸುತ್ತಿ ಕ್ಲಿಪ್ ಹಾಕಬೇಕು. ಒಂದು ಚೀಲ ಹೊಲಿದದ್ದು, ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದ್ದರು. ಉಳಿದೆರಡಕ್ಕೆ ಸೂಜಿಯೇ ತಾಗಿರಲಿಲ್ಲ, ಅಂಚುಗಳನ್ನು ಶಾಖದಿಂದ ಬೆಸೆದಿದ್ದರು. ಈ ಎರಡರಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು.

ಯಶೋಧಾ ಒಂದು ಬಕೆಟ್ ನೀರು ಕೇಳಿದಳು. ದಿಲೀಪ ನಗುತ್ತ ಪಂಕ್ಚರ್ ನೋಡುವ ಬಕೆಟ್ಟನ್ನೇ ತಂದಿಟ್ಟ. ಆಕೆ ಒಂದೊಂದು ಚೀಲಕ್ಕೂ ಗಾಳಿ ತುಂಬಿ, ಬಾಯಿ ಸುತ್ತಿ, ಮುಳುಗಿಸಿದಳು. ಬಂದ ಗಿರಾಕಿಗಳು ಬಂದ ಕೆಲಸ ಮರೆತು ನಿಂತರು. ಪಟ್ಟಿ ಅಂಟಿಸಿದ್ದು ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಬಿಟ್ಟು ಸೋತಿತು. ಬೆಸೆದ ಎರಡೂ ಗೆದ್ದವು.

“ನಿಮ್ಮ ಸೈಕಲ್ ಸಣ್ಣದು ಅಕ್ಕ. ಸೀಟಿಗೂ ಚಕ್ರಕ್ಕೂ ಮಧ್ಯೆ ಜಾಗ ಕಮ್ಮಿ. ಚಿಕ್ಕದು ತಗೊಳ್ಳಿ,” ಎಂದ ದಿಲೀಪ.

ಯಶೋಧಾ ಬೆಳೆದ ಮನೆಯಲ್ಲಿ ಅಂಗಿಯಾಗಲಿ ಚಪ್ಪಲಿಯಾಗಲಿ ಒಂದು ಅಳತೆ ದೊಡ್ಡದನ್ನೇ ಕೊಳ್ಳುವ ರೂಢಿ. ಗಾಳಿ ಹಿಡಿದಿದೆಯಲ್ಲ, ಅಷ್ಟು ಸಾಕು ಎಂದು ಆಕೆ ದೊಡ್ಡದನ್ನೇ ತೆಗೆದುಕೊಂಡಳು. ಅಂಗಡಿಯ ಬಕೆಟ್ಟಿನ ಮೇಲೆ ಪೂರ್ತಿ ನಂಬಿಕೆ ಬರದೆ ಮರುದಿನ ಬೆಳಿಗ್ಗೆ ಮನೆಯ ಡ್ರಮ್ಮಿನಲ್ಲಿ ಮತ್ತೊಮ್ಮೆ ಮುಳುಗಿಸಿದಳು. ನಮ್ಮ ಬೀದಿ ಕಂಡದ್ದು ಈ ಎರಡನೆಯ ಪರೀಕ್ಷೆಯನ್ನು.

ಮುಂದಿನ ಭಾನುವಾರ ಹುಣಸೂರಿನ ಸವಾರಿ. ಯಶೋಧಾ ಎರಡು ಜೊತೆ ಬಟ್ಟೆ, ಟವೆಲು, ಸ್ವೆಟರು ಎಲ್ಲವನ್ನೂ ಚೀಲಕ್ಕೆ ಇಳಿಸಿದಳು. ಬುತ್ತಿಯಿಲ್ಲದೆ ಊರು ದಾಟಬಾರದೆಂದು ತಿಮ್ಮಮ್ಮ ಚಪಾತಿ, ಹುಚ್ಚೆಳ್ಳಿನ ಚಟ್ನಿ ತುಂಬಿದ ಸ್ಟೀಲ್ ಡಬ್ಬಿ ಕೊಟ್ಟರು. ತೆಗೆಯಲು ಸುಲಭವಾಗಲಿ ಎಂದು ಡಬ್ಬಿಯನ್ನು ಎಲ್ಲಕ್ಕಿಂತ ಮೇಲೆ, ಬಾಯಿಯ ಹತ್ತಿರ ಇಟ್ಟಳು. ಆಮೇಲೆ ಚೀಲವನ್ನು ಒಮ್ಮೆ ಬೀಸಿ ಒಳಗೆ ಗಾಳಿ ಹಿಡಿದುಕೊಂಡು, ಅದು ತಪ್ಪಿಸಿಕೊಳ್ಳುವ ಮೊದಲೇ ಚಕಚಕನೆ ಬಾಯಿ ಸುತ್ತಿ ಕ್ಲಿಪ್ ಹಾಕಿದಳು. ತಟ್ಟಿದರೆ ಡೋಲಿನ ಸದ್ದು ಬಂತು. ತೊಟ್ಟಿಯಲ್ಲಿ ಗೆದ್ದ ಟ್ಯೂಬಿನ ಹಾಗೆ ಉಬ್ಬಿ ನಿಂತ ಆ ಚೀಲವನ್ನು ನೋಡಿ ಆಕೆಯ ಎದೆಯೂ ಉಬ್ಬಿತು.

ಇಲವಾಲ ದಾಟುತ್ತಲೇ ಮಳೆ ಹಿಡಿಯಿತು. ಚೀಲ ಎಡಕ್ಕೂ ಬಲಕ್ಕೂ ಎಮ್ಮೆಯ ಬಾಲದಂತೆ ಬೀಸತೊಡಗಿತು. ತುದಿಯಲ್ಲಿದ್ದ ಡಬ್ಬಿಯ ಭಾರಕ್ಕೆ ಇಳಿಜಾರಿನಲ್ಲಿ ಸೈಕಲ್ಲೇ ಓಲಾಡಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಚರಚರ ಎಂಬ ಸದ್ದು. ಮಳೆಯ ಸದ್ದೆಂದುಕೊಂಡು ಯಶೋಧಾ ಇನ್ನಷ್ಟು ಹುರುಪಿನಿಂದ ತುಳಿದಳು. ಹುಣಸೂರಿನ ಚಹದಂಗಡಿಯ ಮುಂದೆ ಇಳಿದು ನೋಡಿದರೆ, ಉಬ್ಬಿದ ಚೀಲದ ಹೊಟ್ಟೆಯನ್ನು ಚಕ್ರ ದಾರಿಯುದ್ದಕ್ಕೂ ಉಜ್ಜಿ ಅಂಗೈಯಗಲ ತೂತು ಮಾಡಿತ್ತು. ಒಳಗೆ ಸ್ವೆಟರು ಕೆಸರುನೀರು ಕುಡಿದು ಮುದ್ದೆಯಾಗಿತ್ತು.

ಅಕ್ಷತಾ ಸ್ವೆಟರಿನ ತೋಳನ್ನು ಹಿಂಡಿ ನೋಡಿದಳು. ನೀರು ಧಾರೆಯಾಗಿ ಇಳಿಯಿತು.

“ಯಶೋಧಕ್ಕ, ಕೊಡಗಿನ ಮಳೆಗೆ ಇದಾಗಲ್ಲ. ನೆಂದ ಬಟ್ಟೇಲಿ ನಿಮಗೆ ಚಳಿ ಹಿಡಿದ್ರೆ ಘಾಟಿಯಲ್ಲಿ ನಾವೇನು ಮಾಡೋಣ? ಬರೋ ಭಾನುವಾರ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಮುಂದಿನ ವರ್ಷ ಇದ್ದೇ ಇದೆ.”

ಮುಂದಿನ ವರ್ಷ ರಜೆ ಸಿಗುವುದೋ ಇಲ್ಲವೋ ಯಶೋಧಾಳಿಗೆ ಗೊತ್ತಿರಲಿಲ್ಲ. ತಲೆಯಾಡಿಸಿ ಒದ್ದೆ ಬಟ್ಟೆಗಳನ್ನು ಮತ್ತೆ ತುಂಬಿಕೊಂಡಳು. ಮನೆಗೆ ಬಂದಾಗ ತಿಮ್ಮಮ್ಮ, ಊರಿನವರ ಟ್ಯೂಬೆಲ್ಲ ನೋಡುವವಳ ಚೀಲವೇ ತೂತು ಎಂದು ಚುಡಾಯಿಸಿದರು. ಸೊಸೆ ಮುಖ ತಗ್ಗಿಸಿ ಒದ್ದೆ ಬಟ್ಟೆ ಹಿಂಡತೊಡಗಿದಾಗ ಮುದುಕಿಗೆ ಕಸಿವಿಸಿಯಾಗಿ, ಒಲೆಯ ಮೇಲಿದ್ದ ಬಿಸಿನೀರನ್ನು ತಾವೇ ಬಚ್ಚಲಿಗೆ ಇಳಿಸಿಕೊಟ್ಟರು.

ವಾರದ ನಡುವೆ ಒಂದು ದಿನ ಬೆಳಗಿನ ಪಾಳಿಯಲ್ಲಿ ತೊಟ್ಟಿಯ ಕೊಳವೆ ಕಟ್ಟಿಕೊಂಡು ಕೆಲಸ ನಿಂತಿತು. ಯಶೋಧಾ ಬೇಸರದಿಂದ ಹಿಂದಕ್ಕೆ ತಿರುಗಿದಳು. ಇಷ್ಟು ವರ್ಷ ಆಕೆ ಬೆನ್ನು ಹಾಕಿಯೇ ನಿಂತಿದ್ದ ಆ ಮೇಜಿನಲ್ಲಿ ನಾಗೇಂದ್ರ ಟ್ಯೂಬುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಆಕೆ ಗೆಲ್ಲಿಸಿ ಕಳಿಸಿದ ಒಂದೊಂದು ಟ್ಯೂಬನ್ನೂ ಅವನು ಎತ್ತಿಕೊಂಡು, ವಾಲ್ವ್ ಬಿಚ್ಚಿ, ಒಂದು ಕಡೆಯಿಂದ ಸುತ್ತುತ್ತ ಸುತ್ತುತ್ತ ಗಾಳಿಯನ್ನೆಲ್ಲ ಹಿಂಡಿ ತೆಗೆದು, ಅಂಗೈಯಷ್ಟು ಮಾಡಿ ಇಡುತ್ತಿದ್ದ. ತಾನು ಕಾಪಾಡಿದ ಗಾಳಿಯನ್ನು ಇವನು ಹೀಗೆ ಹೊರದಬ್ಬುವುದೇ ಎಂದು ಆಕೆಗೆ ಕೇಳದೆ ಇರಲಾಗಲಿಲ್ಲ.

ನಾಗೇಂದ್ರ ತಲೆ ಎತ್ತದೆ ಹೇಳಿದ: “ಗಾಳಿ ಇರೋದು ಪರೀಕ್ಷೆಗೆ ಕಣವ್ವ, ಪ್ರಯಾಣಕ್ಕಲ್ಲ. ಗಾಳಿ ಸಮೇತ ತುಂಬಿದ್ರೆ ಲಾರಿ ತುಂಬಾ ಗಾಳಿನೇ ಹೋಗ್ತದೆ.”

ಯಶೋಧಾ ಕೈಯಲ್ಲಿದ್ದ ಒದ್ದೆ ಟ್ಯೂಬನ್ನು ಹಾಗೆಯೇ ಹಿಡಿದು ನಿಂತುಬಿಟ್ಟಳು. ಆಮೇಲೆ ಒಬ್ಬಳೇ ನಗತೊಡಗಿದಳು. ತೊಟ್ಟಿ ಸರಿಹೋಗಿ, ಮೇಲ್ವಿಚಾರಕ ಎರಡು ಸಲ ಕೂಗಿದರೂ ಆಕೆಯ ನಗು ನಿಲ್ಲಲಿಲ್ಲ. ಹುಣಸೂರಿನವರೆಗೆ ತಾನು ಹೊತ್ತದ್ದು ಅರ್ಧ ಬಟ್ಟೆ, ಅರ್ಧ ಗಾಳಿ. ಆ ಗಾಳಿಯೇ ಚೀಲವನ್ನು ಉಬ್ಬಿಸಿ ಚಕ್ರದ ಬಾಯಿಗೆ ಕೊಟ್ಟಿತ್ತು.

ಪಾಳಿ ಮುಗಿದೊಡನೆ ಮನೆಗೆ ಹಾರಿ ಬಂದು ಅಶೋಕನಿಗೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಅವನು ಸೈಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಸೀಟಿಗೂ ಚಕ್ರಕ್ಕೂ ನಡುವೆ ಕೈ ಚಾಚಿ ಅಳೆದ.

“ಒಂದು ಗೇಣೂ ಇಲ್ವಲ್ಲೇ. ಇದಕ್ಕೆ ಆ ಕುಂಬಳಕಾಯಿ ಕಟ್ಕೊಂಡು ಹೋಗಿದ್ಯಾ?”

“ಚಿಕ್ಕದನ್ನೇ ತರ್ತೀನಿ. ಆದ್ರೆ ಅದೂ ಓಲಾಡ್ತದೆ ರೀ. ಅದನ್ನ ಹಿಡ್ಕೊಳಕ್ಕೆ ಏನಾದ್ರೂ ಬೇಕು. ನೀವು ಮಾಡ್ಕೊಡಿ.”

ಅಶೋಕ ಮೊಳೆಯ ಮೇಲಿದ್ದ ಕಪ್ಪು ಚೀಲವನ್ನು ನೋಡಿದ. ಎದ್ದು ಹೋಗಿ ಇಳಿಸಿದ. ಕತ್ತರಿ ಎಲ್ಲಿ ಎಂದು ಕೇಳಿದ.

“ನೀರು ತಡೆಯೋದು ಅಂಗಡಿ ಚೀಲದ ಕೆಲಸ,” ಎಂದ, ಹೊಲಿಗೆಯನ್ನು ಬಿಚ್ಚುತ್ತ. “ಅಲ್ಲಾಡ್ದಂಗೆ ಹಿಡ್ಕೊಳೋದು ನನ್ನ ಕೆಲಸ. ಅದಕ್ಕೆ ತೂತಿದ್ರೆ ಏನು, ಇಲ್ದಿದ್ರೆ ಏನು.”

ಮರುದಿನ ಯಶೋಧಾ ಸೈಕಲ್ಲನ್ನೇ ತಳ್ಳಿಕೊಂಡು ದಿಲೀಪನ ಅಂಗಡಿಯೊಳಕ್ಕೆ ನುಗ್ಗಿದಳು. ಈ ಸಲವೂ ಬಕೆಟ್ಟಿನ ಪರೀಕ್ಷೆ ತಪ್ಪಲಿಲ್ಲ. ಆದರೆ ಅದು ಮುಗಿದ ಮೇಲೆ ಚಿಕ್ಕ ಚೀಲವನ್ನು ಒರೆಸಿ, ಮನೆಯಿಂದ ತಂದ ಬಟ್ಟೆ ತುಂಬಿ, ನೆಲದ ಮೇಲಿಟ್ಟು ಮಂಡಿಯಿಂದ ಒತ್ತಿದಳು. ಚೀಲ ಉಸ್ ಎಂದು ಉಸಿರು ಬಿಟ್ಟಿತು. ಒತ್ತಿ ಹಿಡಿದೇ ಬಾಯಿ ಸುತ್ತಿದಳು. ದೊಡ್ಡ ಚೀಲದಲ್ಲಿ ಉಬ್ಬಿ ನಿಂತಿದ್ದ ಬಟ್ಟೆ ಇದರಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕುಳಿತಿತು, ಸ್ವೆಟರೊಂದರ ಬದಲು ತೆಳ್ಳನೆಯ ಉಣ್ಣೆಯ ಬನೀನು ಸಾಕಾಯಿತು. ಸೀಟಿನಡಿಗೆ ಹಿಡಿದು ನೋಡಿದರೆ ಚಕ್ರಕ್ಕೆ ಇನ್ನೂ ನಾಲ್ಕು ಬೆರಳು ಅಂತರ. ಭಾರವಾದದ್ದನ್ನು ಸಪೂರವಾದ ತುದಿಗೆ ತುರುಕಿ, ಹಗುರವಾದದ್ದನ್ನು ಬಾಯಿಯ ಕಡೆ ಇಡಿ ಎಂದು ದಿಲೀಪ ಹೇಳಿಕೊಟ್ಟ. ಈ ಬಾರಿ ಆಕೆ ಕೇಳಿದಳು.

ಅಶೋಕ ಮೂರು ಸಂಜೆ ಕೂತು ರೆಕ್ಸಿನ್ನಿನ ಒಂದು ತೊಟ್ಟಿಲನ್ನು ಹೊಲಿದ. ಹರಿದ ದೊಡ್ಡ ಚೀಲದ ಕ್ಲಿಪ್ಪು, ಪಟ್ಟಿಗಳು ಅದಕ್ಕೆ ಬಂದವು. ಪೈಪಿಗೆ ಒಂದು ಬಿಗಿತ, ಸೀಟಿನ ಕಂಬಿಗಳಿಗೆ ಎರಡು ಬಿಗಿತ. ಚಿಕ್ಕ ಚೀಲ ಅದರೊಳಗೆ ಹೊಕ್ಕಾಗ ಕತ್ತಿಯನ್ನು ಒರೆಗೆ ಹಾಕಿದಂತಿತ್ತು. ತಿಮ್ಮಮ್ಮ ಸುತ್ತ ತಿರುಗಿ ನೋಡಿ, ಮೂಲಂಗಿ ಚೀಲ ಎಂದು ಅದಕ್ಕೆ ನಾಮಕರಣ ಮಾಡಿದರು.

ಉಳಿದದ್ದು ಬುತ್ತಿಯ ವಿಷಯ. ಡಬ್ಬಿ ಬೇಡವೆಂದರೆ ತಿಮ್ಮಮ್ಮ ಒಪ್ಪುವವರಲ್ಲ, ಡಬ್ಬಿ ಇಟ್ಟರೆ ಚೀಲ ಒಪ್ಪುವುದಿಲ್ಲ. ಯಶೋಧಾ ಅತ್ತೆಯನ್ನು ಕೂರಿಸಿಕೊಂಡು ಚೀಲದ ಸಪೂರವಾದ ತುದಿಯನ್ನು ತೋರಿಸಿ, ಇಲ್ಲಿ ಹಿಡಿಯುವಂಥದ್ದು, ಭಾರವಾಗಿರುವಂಥದ್ದು, ಕೆಡದಂಥದ್ದು ಏನಿದೆ ಎಂದು ಕೇಳಿದಳು. ಮುದುಕಿ ಸ್ವಲ್ಪ ಹೊತ್ತು ಯೋಚಿಸಿ ಎದ್ದು ಹೋಗಿ ಬಾಣಲೆ ಇಟ್ಟರು. ರಾಗಿಯ ಹುರಿಹಿಟ್ಟು, ಅದಕ್ಕೆ ಕುಟ್ಟಿದ ಬೆಲ್ಲ. ಒಂದು ಪೊಟ್ಟಣಕ್ಕೆ ಒತ್ತಿ ಒತ್ತಿ ತುಂಬಿದಾಗ ಅದು ಚೀಲದ ತುದಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು.

“ನಮ್ಮ ಕಾಲದಲ್ಲಿ ಇದನ್ನ ಸೆರಗಲ್ಲಿ ಕಟ್ಕೊಂಡು ಹೋಗ್ತಿದ್ವು. ನಿಮಗೆ ಅದಕ್ಕೂ ಒಂದು ಅಂಗಡಿ ಚೀಲ,” ಎಂದರು ತಿಮ್ಮಮ್ಮ. ಆದರೆ ಅವರ ಮುಖ ಹೊಳೆಯುತ್ತಿತ್ತು.

ಎರಡನೆಯ ಭಾನುವಾರ ಮೋಡವಿತ್ತು, ಮಳೆ ಮಾತ್ರ ಇಲ್ಲ. ಹುಣಸೂರು ಬಂದರೂ ಒಂದು ಹನಿ ಬೀಳಲಿಲ್ಲ. ಚೀಲ ಅಲುಗದೆ ಬಂದದ್ದನ್ನು ಅಕ್ಷತಾ ಹಿಂದಿನಿಂದ ನೋಡುತ್ತಲೇ ಬಂದಿದ್ದಳು. ಆದರೆ ನೀರೇ ಬೀಳದಿದ್ದರೆ ಒಳಗೆ ನೆನೆಯುವುದಿಲ್ಲವೆಂದು ಹೇಗೆ ಹೇಳುವುದು? ಯಶೋಧಾ ಸುತ್ತ ಕಣ್ಣು ಹಾಯಿಸಿದಳು. ರಸ್ತೆಯಾಚೆ ಲಾರಿ ತೊಳೆಯುವ ವಾಟರ್ ಸರ್ವಿಸ್ ಇತ್ತು. ಸೈಕಲ್ಲನ್ನು ಅಲ್ಲಿಗೆ ತಳ್ಳಿಕೊಂಡು ಹೋಗಿ, ಲಾರಿಗೆ ಹೊಡೆಯುವ ನೀರನ್ನೇ ತನ್ನ ಚೀಲಕ್ಕೆ ಹೊಡೆಯುವಂತೆ ಕೇಳಿದಳು. ಪೈಪು ಹಿಡಿದಿದ್ದವನು ಇವಳಿಗೆ ತಲೆ ಸರಿಯಿದೆಯೇ ಎಂಬಂತೆ ಅಕ್ಷತಾಳನ್ನು ನೋಡಿದ. ಆಕೆ ಹೊಡೆಯಿರಿ ಎಂದು ಸನ್ನೆ ಮಾಡಿದಳು. ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ನೀರು ಅಪ್ಪಳಿಸಿತು. ಸವಾರರೆಲ್ಲ ಅರ್ಧ ನೆನೆದರು.

ಯಶೋಧಾ ಕ್ಲಿಪ್ ಬಿಚ್ಚಿ, ಬಾಯಿ ಬಿಡಿಸಿ, ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಅಕ್ಷತಾಳ ಕೈಗಿಟ್ಟಳು. ಕಡೆಗೆ ಹುರಿಹಿಟ್ಟಿನ ಪೊಟ್ಟಣ ಬಂತು. ಬಿಚ್ಚಿ ಊದಿದರೆ ಹಿಟ್ಟು ಹೊಗೆಯಂತೆ ಹಾರಿತು. ಅಕ್ಷತಾಳ ಮೂಗಿನ ಮೇಲೆಲ್ಲ ಅದೇ.

“ಹೊರಡಿ ಯಶೋಧಕ್ಕ. ಕಡಲು ಕಾಯ್ತಾ ಇದೆ,” ಎಂದಳು ಅಕ್ಷತಾ, ಮೂಗು ಒರೆಸಿಕೊಳ್ಳದೆ.

ಮಡಿಕೇರಿಯ ಹತ್ತಿರ ಮಳೆ ಮೇಲಿನಿಂದ ಬೀಳುತ್ತಿದೆಯೋ ಪಕ್ಕದಿಂದ ಬರುತ್ತಿದೆಯೋ ತಿಳಿಯಲಿಲ್ಲ. ಮಂಜಿನಲ್ಲಿ ಮುಂದಿನವರ ಕೆಂಪು ದೀಪವೊಂದೇ ದಾರಿ. ಘಾಟಿಯ ಇಳಿಜಾರಿನಲ್ಲಿ ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗದೆ ಯಶೋಧಾ ಒಂದು ಸಲ ಚಹದಂಗಡಿಯೊಂದರ ಮುಂದೆ ನಿಂತು, ಹುರಿಹಿಟ್ಟನ್ನು ಬಿಸಿನೀರಿಗೆ ಕಲಸಿ ಎಲ್ಲರಿಗೂ ಹಂಚಿದಳು. ಮೂರು ದಿನ ಮೈ ಒಣಗಲಿಲ್ಲ. ಚೀಲದೊಳಗಿನ ಬಟ್ಟೆ ನೆನೆಯಲಿಲ್ಲ. ಕಡೆಯ ದಿನ ಸಂಜೆ, ಮಳೆ ಬಿಟ್ಟು ಬೆಳಕು ಬಂದ ಹೊತ್ತಿನಲ್ಲಿ, ಆಕೆ ಸೈಕಲ್ಲನ್ನು ಮರಳಿನ ಮೇಲೆ ಮಲಗಿಸಿ ನೇರವಾಗಿ ನೀರಿಗೆ ನಡೆದಳು. ಆಷಾಢದ ಕಡಲು, ಪಾದ ಮುಳುಗುವಷ್ಟಕ್ಕಿಂತ ಮುಂದೆ ಹೋಗಬೇಡಿ ಎಂದು ಅಕ್ಷತಾ ಕೂಗಿದಳು. ಯಶೋಧಾಳಿಗೆ ಅಷ್ಟೇ ಬೇಕಾಗಿತ್ತು. ಅಲೆ ಬಂದು ಕಾಲು ತೊಳೆದು ಹೋಯಿತು, ಮತ್ತೆ ಬಂತು. ಯಾರೂ ಕರೆಯಲಿಲ್ಲ, ಯಾವ ಹಾರ್ನೂ ಕೇಳಿಸಲಿಲ್ಲ.

ಆಮೇಲೆ ಒಣಬಟ್ಟೆ ಉಟ್ಟು ಅಶೋಕನಿಗೆ ಫೋನ್ ಮಾಡಿದಳು. ಅವನು ಕೇಳಿದ್ದು ಕಡಲಿನ ವಿಷಯವನ್ನಲ್ಲ, ಪೈಪಿನ ಹತ್ತಿರದ ಹೊಲಿಗೆ ಬಿಟ್ಟಿದೆಯೇ ಎಂದು. ಬಿಟ್ಟಿಲ್ಲವೆಂದಳು. ಮರುದಿನ ಅಂಗಡಿಯಲ್ಲಿ ಟಾಪು ಹೊಲಿಸಲು ಬಂದ ಆಟೋದವರಿಗೆಲ್ಲ ಅವನು ಮಡಿಕೇರಿಯ ಮಳೆಯನ್ನು ಕಣ್ಣಾರೆ ಕಂಡವನ ಹಾಗೆ ವರ್ಣಿಸಿದನಂತೆ.

ಇದಾಗಿ ಎರಡು ಮಳೆಗಾಲ ಕಳೆದವು. ಈಗ ಲಷ್ಕರ್ ಮೊಹಲ್ಲಾದ ಆ ಅಂಗಡಿಯಲ್ಲಿ ಆಟೋ ಟಾಪುಗಳ ನಡುವೆ ರೆಕ್ಸಿನ್ನಿನ ತೊಟ್ಟಿಲುಗಳೂ ತೂಗಾಡುತ್ತವೆ. ಯಶೋಧಾ ಕಾರ್ಖಾನೆಯ ಅದೇ ತೊಟ್ಟಿಯ ಮುಂದೆ ನಿಲ್ಲುತ್ತಾಳೆ. ಭಾನುವಾರ ಆಕೆಯ ಮನೆಯ ಮೆಟ್ಟಿಲ ಬಳಿ ಹೆಬ್ಬಾಳದ ಹೆಂಗಸರ ಸೈಕಲ್ಲುಗಳು ಸಾಲುಗಟ್ಟುತ್ತವೆ. ಯಾರು ಚೀಲ ಕೊಳ್ಳುತ್ತೇನೆಂದರೂ ಆಕೆ ಮೊದಲು ಅವರ ಸೈಕಲ್ಲಿನ ಪಕ್ಕ ಕುಳಿತು ಸೀಟಿನ ಕೆಳಗೆ ಕೈ ಚಾಚುತ್ತಾಳೆ. ಈ ಆ‍ಷಾಢದಲ್ಲಿ ಹೋಗುತ್ತಿರುವುದು ವಿರಾಜಪೇಟೆ ಮಾರ್ಗವಾಗಿ ಕಣ್ಣೂರಿನ ಕಡಲಿಗೆ. ಜೊತೆಗೆ ಪೆಟ್ಟಿಗೆ ತುಂಬುವ ವಿಭಾಗದ ಧರಣಿ ಮತ್ತು ವಸಂತಮ್ಮ. ಇಬ್ಬರಿಗೂ ಇದು ಮೊದಲ ಸವಾರಿ. ಈ ಬೆಳಿಗ್ಗೆ ತುಂತುರು ಮಳೆಯಲ್ಲಿ ಮೂವರೂ ಬೀದಿಯ ತಿರುವು ದಾಟಿದರು. ಯಶೋಧಾ ಎಲ್ಲರಿಗಿಂತ ಹಿಂದೆ ಇದ್ದಾಳೆ, ಹೊಸಬರ ಹೊರೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ. ಇಷ್ಟು ಹೊತ್ತಿಗೆ ಗೋಣಿಕೊಪ್ಪದ ದಾರಿ ಹಿಡಿದಿರಬೇಕು.